ಮೇಲಿನ ಸೂಡು

ಗೋವೆಯ ಸಡಾ ಗುಡ್ಡದ ನಮ್ಮ ಓಣಿಯಲ್ಲಿ ಕರೆಂಟು ಹೋದರೆ ಮೊದಲು ಫ್ಯಾನುಗಳು ನಿಲ್ಲುತ್ತವೆ, ಆಮೇಲೆ ಟೀವಿಗಳು. ಕೆಳಗಿನ ಬಂದರಿನ ಸದ್ದು ಗುಡ್ಡ ಹತ್ತಿ ಬರುವ ಮುಂಚೆ ಒಂದು ಗಳಿಗೆ ಎಲ್ಲ ಖಾಲಿಯಾಗಿರುತ್ತದೆ. ಆ ಗಳಿಗೆಯಲ್ಲಿ ಪಕ್ಕದ ಮನೆಯಿಂದ ಒಂದು ಸಣ್ಣ ಸದ್ದು ಕೇಳುತ್ತದೆ. ಟಿಕ್, ಟಿಕ್, ಟಿಕ್. ತಗಡಿನ ಗೋಡೆಯನ್ನು ಯಾರೋ ಉಗುರಿನಿಂದ ಮೆಲ್ಲಗೆ ಬಡಿದಂತೆ. ಹೊಸಬರು ಬಂದಿದ್ದರೆ ತಲೆ ಎತ್ತಿ ಗಡಿಯಾರ ಹುಡುಕುತ್ತಾರೆ. ಅಲ್ಲಿ ಗಡಿಯಾರವಿಲ್ಲ. ಗೋಡೆಯ ಆಚೆ ಚಾಪೆಯ ಮೇಲೆ ಮಲಗಿರುವ ಭಾಗವ್ವನ ಎದೆ ಇದೆ.

"ಮದವಿ ಆದಾಗ ನನ್ನ ಗಂಡ ವಾಚ್ ಕೊಡಸ್ತೇನಿ ಅಂದಿದ್ದ" ಎಂದು ಅವಳು ಹೊಸಬರಿಗೆ ಹೇಳುತ್ತಾಳೆ. "ಕೊಡಸಲಿಲ್ಲ, ಹಂಗ ಹೋದ. ದವಾಖಾನ್ಯಾಗ ಎದಿಯೊಳಗ ಕೂಡಿಸಿ ಕಳಿಸ್ಯಾರ ನೋಡ್ರಿ. ಟೈಮ್ ಮಾತ್ರ ತೋರಸಂಗಿಲ್ಲ."

ಮುದ್ದೇಬಿಹಾಳದ ಕಡೆಯವಳು. ಸಣ್ಣವಳಿದ್ದಾಗ ಕೀಲುಕೀಲು ಊದಿಸುವ ಜ್ವರವೊಂದು ಬಂದು, ಕೀಲುಗಳನ್ನು ಬಿಟ್ಟು ಎದೆಯಲ್ಲಿ ಮನೆ ಮಾಡಿತ್ತಂತೆ. ಅದು ಗೊತ್ತಿಲ್ಲದೆಯೇ ಅವಳು ಗೋವೆಗೆ ಬಂದಳು, ಕಟ್ಟಡಗಳಿಗೆ ಮರಳು ಹೊತ್ತಳು, ಮಗ ಮುತ್ತುವನ್ನು ಹೆತ್ತು ದೊಡ್ಡವನನ್ನಾಗಿ ಮಾಡಿದಳು. ಉಸಿರು ಕಟ್ಟಿದಾಗೆಲ್ಲ ಸಡಾದ ಮೆಟ್ಟಿಲುಗಳನ್ನು ಬೈದಳು. ಕೊನೆಗೆ ದೊಡ್ಡ ಆಸ್ಪತ್ರೆಯವರು ತಪ್ಪು ಮೆಟ್ಟಿಲುಗಳದ್ದಲ್ಲ, ಎದೆಯೊಳಗಿನ ಬಾಗಿಲಿನದ್ದು ಎಂದು ಹೇಳಿ ಅದನ್ನು ತೆಗೆದು ಲೋಹದ್ದೊಂದನ್ನು ಹಾಕಿದರು. ಅದು ತೆರೆದು ಮುಚ್ಚುವಾಗಲೆಲ್ಲ ಈ ಸದ್ದು. ಅದರ ಮೇಲೆ ರಕ್ತ ಗಟ್ಟಿಯಾಗಿ ಕೂರದಂತೆ ಬದುಕಿರುವವರೆಗೂ ದಿನಕ್ಕೊಂದು ಹೊತ್ತು ಗುಳಿಗೆ. ಸಂಜೆ ಪಾವ್ ಮಾರುವವನ ಸೈಕಲ್ ಹಾರ್ನ್ ಕೇಳಿದ ಕೂಡಲೇ ಅವಳು ಗುಳಿಗೆ ನುಂಗುತ್ತಾಳೆ. ಪಾವ್ ಕೊಳ್ಳುವುದಿಲ್ಲ. "ನಿನ್ನ ಹಾರ್ನ್ ಅಷ್ಟ ಸಾಕಪಾ" ಎನ್ನುತ್ತಾಳೆ. ಆ ಪಾಪದವನಿಗೆ ಕನ್ನಡ ಬಾರದು. ಅವನು ನಕ್ಕು ಮುಂದೆ ಹೋಗುತ್ತಾನೆ.

ಮರಳು ಹೊರುವುದು ಬಿಟ್ಟ ಮೇಲೆ ಅವಳು ಸೊಪ್ಪು ಮಾರತೊಡಗಿದ್ದಳು. ಬೆಳಗಾವಿಯಿಂದ ವಾಸ್ಕೋಗೆ ಬರುವ ಲಾರಿಯಿಂದ ಮೆಂತೆ, ಪಾಲಕ್, ಸಬ್ಬಸಗಿ, ರಾಜಗಿರಿ ತಂದು ಬಸ್ ಸ್ಟಾಪಿನ ಪಕ್ಕದ ಅಗಲವಾದ ಮೆಟ್ಟಿಲಿನ ಮೇಲೆ ಹರಡುತ್ತಾಳೆ. ಆ ಮೆಟ್ಟಿಲಿಗೆ ಬೆಳಿಗ್ಗೆ ನೆರಳು, ಬಸ್ಸಿಳಿದವರೆಲ್ಲ ಅದರ ಮುಂದೆಯೇ ಹಾಯಬೇಕು. ಪಕ್ಕದಲ್ಲಿ ನಿಂಬೆ, ಮೆಣಸಿನಕಾಯಿ ಮಾರುವ ರಾಮಿಬಾಯಿ ಕೂರುತ್ತಾಳೆ. ಭಾಗವ್ವ ಸೊಪ್ಪು ಹೊಂದಿಸುವುದನ್ನು ನೋಡಬೇಕು. ಬಾಡಿದ ಸೂಡುಗಳು, ಅಂದರೆ ಕಟ್ಟುಗಳು, ಕೆಳಗೆ, ಹಳದಿ ಎಲೆ ಇರುವ ಮಗ್ಗುಲು ಒಳಗೆ, ಎಲ್ಲಕ್ಕಿಂತ ಚೆಲುವಾದ ಸೂಡು ಮೇಲೆ. ಅದರ ಮೇಲೆ ನೀರು ಚಿಮುಕಿಸಿದರೆ ಅದು ಆಗಷ್ಟೇ ಹೊಲದಿಂದ ಎದ್ದು ಬಂದಂತೆ ಕಾಣುತ್ತದೆ.

"ಗಿರಾಕಿ ಕಣ್ಣ ಮೊದಲ ಮ್ಯಾಲಿನ ಸೂಡಿಗೆ ಬೀಳತೈತಿ, ಅಶ್ವಿ" ಎಂದು ನನಗೆ ಪಾಠ ಮಾಡಿದ್ದಳು. "ಇದು ಮೋಸ ಅಲ್ಲವಾ, ಸಿಂಗಾರ. ಕನ್ಯಾ ನೋಡಾಕ ಬಂದಾಗ ನನಗೂ ಹಿಂಗ ಪೌಡರ್ ಹಚ್ಚಿ, ಮೂಗಬಟ್ಟ ಇಟ್ಟು, ನೆರಳಾಗ ಕುಂಡ್ರಿಸಿ ತೋರಿಸ್ಯಾರ. ಕೆಳಗ ಏನೈತಿ ಅಂತ ಗಂಡಗ ಆಮ್ಯಾಲ ತಿಳೀತು."

ನಾನು ಅವಳ ಪಕ್ಕದ ಮನೆಯವಳು. ಕಾಲೇಜಿನಲ್ಲಿ ಇತಿಹಾಸ ಓದುತ್ತೇನೆ. ಆದರೆ ನಮ್ಮ ಓಣಿಯಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಕಾಲೇಜಿಗೆ ಹೋಗುವವಳು ವಕೀಲೆಯೂ ಹೌದು, ಡಾಕ್ಟರೂ ಹೌದು. ಹಾಗಾಗಿ ಭಾಗವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ರಕ್ತದ ರಿಪೋರ್ಟು ಓದುವುದು ನನ್ನ ಪಾಲಿಗೆ ಬಂತು. ಮೊದಲ ರಿಪೋರ್ಟಿನಲ್ಲಿ ಐಎನ್‌ಆರ್ ಎಂದು ಬರೆದಿತ್ತು. ಫೋನಿನಲ್ಲಿ ಹುಡುಕಿದೆ. ಅದು ಡಾಲರಿಗೆ ಎಷ್ಟು ರೂಪಾಯಿ ಎಂದು ತೋರಿಸಿತು. ಇತಿಹಾಸದ ವಿದ್ಯಾರ್ಥಿನಿಯ ವೈದ್ಯಕೀಯ ಅಲ್ಲಿಗೆ ಮುಗಿಯಿತು. ಮಿಕ್ಕಿದ್ದನ್ನು ಡಾಕ್ಟರರೇ ಹೇಳಬೇಕಾಯಿತು.

ಅವರು ಪೊಂಡಾದ ಕಡೆಯ ಯುವತಿ, ನಮ್ಮೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಗುಳಿಗೆ ತಿನ್ನದವರ ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಒಂದು ಎಂದು ಹಿಡಿದರೆ, ಭಾಗವ್ವನದು ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು, ಅಂದರೆ ಅಷ್ಟು ನಿಧಾನವಾಗಿ ಹೆಪ್ಪುಗಟ್ಟಬೇಕು ಎಂದರು. ಅಂಕಿ ಇಳಿದರೆ ರಕ್ತ ಬೇಗ ಗಟ್ಟಿಯಾಗಿ ಲೋಹದ ಬಾಗಿಲಿಗೆ ಅಂಟುತ್ತದೆ. ಏರಿದರೆ ಒಸಡಿನಲ್ಲಿ, ಹೊಟ್ಟೆಯಲ್ಲಿ, ತಲೆಯಲ್ಲಿ ಕೂಡ ರಕ್ತ ಸೋರಬಹುದು. ಪರೀಕ್ಷೆಯ ಅಂಕಗಳ ಹಾಗೆ ಹೆಚ್ಚಾದಷ್ಟೂ ಒಳ್ಳೆಯದು ಅಲ್ಲ. ಈ ಕೊನೆಯ ಮಾತನ್ನು ಅವರು ನನ್ನ ಕಡೆ ನೋಡಿ ಹೇಳಿದರು, ಏಕೆಂದರೆ ಹಿಂದಿನ ವಾರ ನಾಲ್ಕರ ಮೇಲೆ ಬಂದಾಗ "ಭಾರಿ ಬಂದೈತಿ ಕಾಕು" ಎಂದು ಅವರ ಎದುರೇ ಬೆನ್ನು ತಟ್ಟಿದವಳು ನಾನು.

"ತಕ್ಕಡಿ ಇದ್ದಂಗ" ಎಂದಳು ಭಾಗವ್ವ. "ಈ ಕಡಿಗೂ ಬೀಳಬಾರದು, ಆ ಕಡಿಗೂ ಬೀಳಬಾರದು. ನನ್ನ ತಕ್ಕಡಿ ಎಂದ ನಟ್ಟಗ ನಿಂತೈತಿ, ಹೇಳು?"

ನಿಲ್ಲಲೇ ಇಲ್ಲ. ಒಂದು ವಾರ ಒಂದೂ ಮುಕ್ಕಾಲು, ಮರುವಾರ ನಾಲ್ಕರ ಹತ್ತಿರ, ಮತ್ತೆ ಎರಡು. ಡಾಕ್ಟರು ಗುಳಿಗೆ ಏರಿಸಿದರು, ಇಳಿಸಿದರು, ಒಂದು ದಿನ ಕೈ ಕಟ್ಟಿ ಕೂತು ಏನು ತಿನ್ನುತ್ತೀರಿ ಎಂದು ಕೇಳಿದರು.

"ರೊಟ್ಟಿ, ತಪ್ಪಲ ಪಲ್ಯ" ಎಂದಳು ಭಾಗವ್ವ. ನಮ್ಮ ಕಡೆ ಸೊಪ್ಪಿಗೆ ತಪ್ಪಲು ಎನ್ನುತ್ತಾರೆ.

ಎಷ್ಟು?

"ಎಷ್ಟ ಉಳದೈತೋ ಅಷ್ಟ."

ವಿಷಯ ಇಷ್ಟೇ ಆಗಿತ್ತು. ಮಾರಾಟವಾಗದ ಸೊಪ್ಪು ಮರುದಿನಕ್ಕೆ ನಿಲ್ಲುವುದಿಲ್ಲ, ಎಸೆಯಲು ಅವಳಿಗೆ ಮನಸ್ಸಿಲ್ಲ. ಉಳಿದದ್ದೆಲ್ಲ ಸಂಜೆ ಒಗ್ಗರಣೆಗೆ ಬೀಳುತ್ತದೆ. ಎಳೆಯ ಮೆಂತೆಯಾದರೆ ಒಗ್ಗರಣೆಯೂ ಬೇಡ, ಹಸಿಯಾಗಿಯೇ ಉಳ್ಳಾಗಡ್ಡಿಯ ಜೊತೆ ರೊಟ್ಟಿಗೆ ನಂಜಿಕೊಳ್ಳುತ್ತಾಳೆ. ಸೊಪ್ಪಿನಲ್ಲಿರುವ ಸತ್ವವೊಂದು ಈ ಗುಳಿಗೆಗೆ ಎದುರಾಳಿ. ಸೊಪ್ಪು ಹೆಚ್ಚಾದರೆ ಅಂಕಿ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಏಕಾದಶಿ, ಸೋಮವಾರ ಎಂದು ಊರೆಲ್ಲ ಮೀನು ಬಿಟ್ಟಾಗ ಬುಟ್ಟಿ ಖಾಲಿ, ಭಾಗವ್ವನ ರಕ್ತ ನೀರು. ಬಾಂಗಡೆ ಮೀನು ಅಗ್ಗವಾದ ವಾರ ಸೊಪ್ಪು ಕೇಳುವವರಿಲ್ಲ, ರಕ್ತ ಗಟ್ಟಿ. ಸಡಾದ ಸಂತೆ ಅವಳ ಮೈಯಲ್ಲಿ ಹರಿಯುತ್ತಿತ್ತು.

ಸೊಪ್ಪು ಬಿಡಬೇಕಾಗಿಲ್ಲ, ದಿನಾಲೂ ಒಂದೇ ಅಳತೆ ತಿನ್ನಿ, ಆ ಅಳತೆಗೆ ಸರಿಯಾಗಿ ಗುಳಿಗೆ ಬರೆದುಕೊಡುತ್ತೇನೆ ಎಂದರು ಡಾಕ್ಟರು.

"ದಿನಾ ಒಂದ ಅಳತಿ ತಿನ್ನಬೇಕಂದ್ರ ದಿನಾ ಒಂದ ಅಳತಿ ಮಾರಾಟ ಆಗಬೇಕಲ್ಲವಾ? ಗಿರಾಕಿಗೂ ಒಂದು ಚೀಟಿ ಬರದ ಕೊಡು ಅನ್ನು."

ನಾನು ಇದನ್ನು ಹಿಂದಿಗೆ ತಂದೆ. ತರುವಷ್ಟರಲ್ಲಿ ಅದು "ಠೀಕ್ ಹೈ ಬೋಲ್ ರಹೀ ಹೈ" ಎಂದಷ್ಟೇ ಆಯಿತು. ಡಾಕ್ಟರು ಸಂತೋಷಪಟ್ಟರು.

ಇಷ್ಟಾದರೂ ಭಾಗವ್ವನ ಚಿಂತೆ ರಕ್ತದ್ದಾಗಿರಲಿಲ್ಲ, ಮೆಟ್ಟಿಲಿನದ್ದಾಗಿತ್ತು. ಪ್ರತಿ ಮಂಗಳವಾರ ಪರೀಕ್ಷೆ. ಎರಡು ಬಸ್ಸು ಬದಲಿಸಿ ಹೋಗಿ, ಸಾಲಿನಲ್ಲಿ ನಿಂತು, ರಕ್ತ ಕೊಟ್ಟು, ರಿಪೋರ್ಟಿಗೆ ಕಾದು, ತಿರುಗಿ ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ಆ ಮೆಟ್ಟಿಲುಗಳಿಗೆ ಪಟ್ಟಾ ಇಲ್ಲ, ಬಾಡಿಗೆ ಇಲ್ಲ. ಅಲ್ಲಿ ಒಂದೇ ಕಾಯ್ದೆ: ಯಾರು ಕೂತು ಬಿಸಿ ಮಾಡಿರುತ್ತಾರೋ ಜಾಗ ಅವರದು. ಎಳನೀರು ಮಾರುವ ಗೂಡುಸಾಬನಿಗೆ ಒಂದು ಸಣ್ಣ ಟೆಂಪೋ ಇತ್ತು, ಅದನ್ನು ನಿಲ್ಲಿಸಿದಲ್ಲೆಲ್ಲ ಪೊಲೀಸರು ಓಡಿಸುತ್ತಿದ್ದರು. ಅವನು ಮಂಗಳವಾರಗಳಂದು ಎಳನೀರು ಇಳಿಸಿ ಭಾಗವ್ವನ ಮೆಟ್ಟಿಲಿನ ಮೇಲೆ ಕೂರತೊಡಗಿದ.

"ಏನಪಾ ಗೂಡುಸಾಬ, ನನ್ನ ತಿಥಿ ಯಾವಾಗ ಇಟ್ಟಿ?" ಎಂದು ಅವಳು ಕೇಳಿದ್ದಳು.

"ತೋಬಾ ತೋಬಾ! ಹಂಗ್ಯಾಕಂತೀ ಅಕ್ಕಾ? ನೀ ಇಲ್ಲದ ದಿನ ಮೆಟ್ಟಲಾ ತಣ್ಣಗಾಗಬಾರದಲ್ಲ, ಬಿಸಿ ಇಡಾಕತ್ತೇನಿ."

"ಭಾಳ ಬಿಸಿ ಮಾಡಬ್ಯಾಡ. ನನಗ ಸುಟ್ಟೀತು."

ನಕ್ಕರೂ ಅವಳಿಗೆ ಹೆದರಿಕೆಯಿತ್ತು. ಮಂಗಳವಾರ ಹೋಗಿ ಬುಧವಾರವೂ ಎಳನೀರಿನ ಸಿಪ್ಪೆ ಅಲ್ಲೇ ಬಿದ್ದಿರುತ್ತಿತ್ತು. ಸತತ ಮೂರು ಸಲ ಅಂಕಿ ಸರಿಯಾಗಿ ಬಂದರೆ ತಿಂಗಳಿಗೊಮ್ಮೆ ಬಂದರೆ ಸಾಕು ಎಂದು ಡಾಕ್ಟರು ಹೇಳಿದ ದಿನ, ಬಸ್ಸಿನಲ್ಲಿ ಅವಳು ಉದ್ದಕ್ಕೂ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಏನೋ ಹೊಂದಿಸುತ್ತಿದ್ದಾಳೆ ಎಂದೇ ಅರ್ಥ.

ಮರುವಾರ ಎರಡು ಪಾಯಿಂಟ್ ಒಂಬತ್ತು. ಅದರ ಮರುವಾರ ಎರಡು ಪಾಯಿಂಟ್ ಎಂಟು. ಮೂರನೆಯ ವಾರವೂ ಎರಡು ಪಾಯಿಂಟ್ ಒಂಬತ್ತು. ಡಾಕ್ಟರು ರಿಪೋರ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಅದೇ ಗುಳಿಗೆಯನ್ನು ಮುಂದುವರಿಸಿ, ಇನ್ನು ಒಂದು ತಿಂಗಳು ಬಿಟ್ಟು ಬನ್ನಿ ಎಂದರು. ಹೊರಗೆ ಬಂದ ಮೇಲೆ ಭಾಗವ್ವ ನನ್ನ ಕೈಗೆ ಒಂದು ಪೇರಲ ಹಣ್ಣು ಇಟ್ಟಳು.

"ಹೆಂಗ ಆತು ಕಾಕು ಇದು?"

"ಮ್ಯಾಲಿನ ಸೂಡವಾ" ಎಂದಳು. "ಶುಕ್ರವಾರ ತಪ್ಪಲ ಬಿಡತೇನಿ, ಮಂಗಳವಾರ ರಕ್ತ ಕೊಡತೇನಿ, ಸಂಜಿಗೆ ಮತ್ತ ತಿಂತೇನಿ. ಅವ್ರು ಬರೂಮಟ ಅಂಗಡಿ ಚಲೋ ಇಟ್ರ ಆತಿಲ್ಲೋ?"

ನಾನು ಪೇರಲ ತಿಂದೆ. ಚೆನ್ನಾಗಿತ್ತು. ಅತಿಥಿ ಬರುವ ದಿನ ಮನೆ ಗುಡಿಸುವುದರಲ್ಲಿ ತಪ್ಪೇನು ಎಂದು ನನಗೂ ಅನಿಸಿತು. ತಪಾಸಣೆಯ ಸುತ್ತೋಲೆ ಬಂದಾಗ ಮಾತ್ರ ಗ್ರಂಥಾಲಯದ ಕಪಾಟು ಒರೆಸುವ ಕಾಲೇಜಿನಲ್ಲಿ ಓದುವವಳಿಗೆ ಬೇರೇನು ಅನಿಸೀತು?

ಅದು ಶ್ರಾವಣ. ಸೊಪ್ಪು ಹೇಗೂ ಉಳಿಯುತ್ತಿರಲಿಲ್ಲ, ಬಿಡುವುದು ಕಷ್ಟವಾಗಿರಲಿಲ್ಲ. ಆಮೇಲೆ ಚೌತಿ ಬಂತು, ಗಣಪತಿಯನ್ನು ನೀರಿಗೆ ಬಿಟ್ಟರು, ಮರುದಿನವೇ ಇಡೀ ಊರು ಮೀನಿನ ಕಡೆ ತಿರುಗಿತು. ವ್ರತ ಹಿಡಿದು ಹಿಡಿದು ಬಾಯಿ ಸಪ್ಪೆಯಾದವರು ಮೆಂತೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬುಟ್ಟಿ ಹೋದಷ್ಟೇ ತುಂಬಿ ಮನೆಗೆ ಬರತೊಡಗಿತು. ಸೊಸೆ ಸುಮಲತಾ ದೊಡ್ಡ ಪಾತ್ರೆಯಲ್ಲಿ ಪಲ್ಯ ಮಾಡಿದಳು. ಮುತ್ತು ಮುಖ ಸಿಂಡರಿಸಿ ಪಾವ್ ತಿಂದ. ಭಾಗವ್ವ ತಿಂದಳು. ಬೆಳಿಗ್ಗೆ ರೊಟ್ಟಿಗೆ, ರಾತ್ರಿ ಅನ್ನಕ್ಕೆ. ಪರೀಕ್ಷೆ ಇನ್ನೂ ದೂರ ಇತ್ತು. ಕೊನೆಯ ಶುಕ್ರವಾರ ಬಿಟ್ಟರೆ ಆಯಿತಲ್ಲ.

ಗುಳಿಗೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಪಾವಿನ ಹಾರ್ನ್ ಕೇಳಿತು, ನುಂಗಿದಳು. ಆದರೆ ಆ ಗುಳಿಗೆ ಸೊಪ್ಪು ಬಿಟ್ಟ ಭಾಗವ್ವನಿಗೆ ಬರೆದದ್ದಾಗಿತ್ತು. ಬುಟ್ಟಿ ಬುಟ್ಟಿ ತಿನ್ನುವ ಭಾಗವ್ವನನ್ನು ಡಾಕ್ಟರು ನೋಡಿಯೇ ಇರಲಿಲ್ಲ.

ಆ ದಿನಗಳಲ್ಲೊಂದು ಮಧ್ಯಾಹ್ನ. ಕರೆಂಟು ಹೋಯಿತು. ನಾನು ಕದಂಬರ ಬಂದರುಗಳ ಬಗ್ಗೆ ಓದುತ್ತಾ ಕೂತಿದ್ದೆ. ಫ್ಯಾನು ನಿಧಾನವಾಗಿ ನಿಂತಿತು. ಎದುರು ಮನೆಯ ಟೀವಿ ನಿಂತಿತು. ಕೆಳಗಿನಿಂದ ಹಡಗೊಂದರ ದೀರ್ಘ ಕೂಗು ಬಂತು, ಮುಗಿಯಿತು. ಒಂದು ಸಾಲು ಓದಿದೆ. ಅದನ್ನೇ ಮತ್ತೊಮ್ಮೆ ಓದಿದೆ. ಏನೋ ಇರಬೇಕಾದದ್ದು ಇಲ್ಲ ಎನಿಸುತ್ತಿತ್ತು. ಏನು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಗೋಡೆಗೆ ಕಿವಿ ಹಚ್ಚಿದೆ. ತಗಡು ಬಿಸಿಯಾಗಿತ್ತು, ಅಷ್ಟೇ.

ಓಡಿ ಹೋದೆ. ಭಾಗವ್ವ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತುಟಿ ಬೆಳ್ಳಗಾಗಿತ್ತು. ಬದುಕಿದ್ದಾಳೆ ಎಂದು ಕಂಡ ಸಮಾಧಾನಕ್ಕೆ ನಾನು ಬೈದೆ.

"ಕಾಕು, ಸದ್ದ ಎಲ್ಲಿ ಹೋತು?"

"ಎದರ ಸದ್ದು?"

"ನಿನ್ನ ಗಡಿಯಾರದ್ದು!"

ಎದೆಯ ಮೇಲೆ ಕೈ ಇಟ್ಟುಕೊಂಡು ಕೇಳಿಸಿಕೊಂಡಳು. ಹತ್ತಿರ ಬಂದು ನಾನೂ ತಲೆ ಬಗ್ಗಿಸಿದೆ. ಇತ್ತು, ಆದರೆ ಹತ್ತಿಯಲ್ಲಿ ಸುತ್ತಿಟ್ಟಂತೆ, ಮಂಕಾಗಿ.

"ಹಳೇದಾತಲ್ಲ, ಹೊಂದಿಕೊಂಡೈತಿ" ಎಂದಳು. "ಹೊಸಾ ಚಪ್ಪಲಿ ನೋಡು, ಮೊದಲ ಕಿರ್ ಕಿರ್ ಅಂತಾವು. ಆಮ್ಯಾಲ ಸುಮ್ಮನಾಗತಾವು. ಎರಡ ದಿನದಿಂದ ಹಿಂಗ ಐತಿ. ಚಲೋ ಆತು ಬಿಡು ಅಂತ ಮಲಗಿದ್ನಿ."

"ಎರಡ ದಿನದಿಂದ ಮೆಟ್ಟಲಾ ಹತ್ತೂವಾಗ ನಿಂತ ನಿಂತ ಬರಾಕತ್ತಾರ" ಎಂದಳು ಸುಮಲತಾ ಒಳಗಿನಿಂದ. "ಕೇಳಿದ್ರ ಮಳಿ ಧಗಿ ಅಂದ್ರು."

ಆಸ್ಪತ್ರೆಯಿಂದ ಬಿಡುವಾಗ ನರ್ಸ್ ಹೇಳಿದ್ದು ನನಗೆ ನೆನಪಿತ್ತು: ಸದ್ದು ಬದಲಾದರೆ, ಉಸಿರು ಕಟ್ಟಿದರೆ, ಮುಂದಿನ ತಾರೀಖಿಗೆ ಕಾಯಬೇಡಿ. ಮುತ್ತು ಡ್ಯೂಟಿಯ ಮೇಲೆ ಬಂದರಿನೊಳಗೆ ಇದ್ದ, ಫೋನು ತೆಗೆಯಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದರೆ ಗಾಡಿ ಇನ್ನೊಂದು ಕಡೆ ಹೋಗಿದೆ, ಕಾಯಿರಿ ಎಂದರು. ಸುಮಲತಾ ಕೆಳಗೆ ಓಡಿದಳು. ಬಂದದ್ದು ಗೂಡುಸಾಬನ ಟೆಂಪೋ. ಎಳನೀರುಗಳನ್ನು ಒಂದು ಬದಿಗೆ ತಳ್ಳಿ ಗೋಣಿ ಹಾಸಿದ್ದ.

ಮೆಟ್ಟಿಲು ಇಳಿಸಲು ನಾವು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೆವು. "ದೇವರ ಪಲ್ಲಕ್ಕಿ ಬಂತು, ದಾರಿ ಬಿಡ್ರಿ" ಎಂದು ಅವಳೇ ಕೂಗಿದಳು. ಅಷ್ಟಕ್ಕೇ ಉಸಿರು ಸಾಲದಾಯಿತು. ಟೆಂಪೋ ಹತ್ತಿಸಿದ ಮೇಲೆ ಗೂಡುಸಾಬನನ್ನು ಕರೆದಳು.

"ಏ ಗೂಡುಸಾಬ. ಮೆಟ್ಟಲಾ ನೋಡಿಕೊಂಡಿರು."

"ನೋಡಕೋತೇನಿ ಅಕ್ಕಾ. ನೀ ಸುಮ್ನಿರು."

"ಭಾಳ ನೋಡಕೋಬ್ಯಾಡ."

ಅವನು ನಗಲಿಲ್ಲ. ದಾರಿಯುದ್ದಕ್ಕೂ ಹಾರ್ನ್ ಮೇಲಿನಿಂದ ಕೈ ತೆಗೆಯಲಿಲ್ಲ. ಹಿಂದೆ ಎಳನೀರುಗಳು ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿದ್ದವು. ಆ ಸದ್ದಿನಲ್ಲಿ ನನಗೆ ಬೇಕಾಗಿದ್ದ ಸದ್ದು ಕೇಳುತ್ತದೆಯೇ ಎಂದು ನಾನು ಅವಳ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದೆ.

ಒಂದು ಪಾಯಿಂಟ್ ಮೂರು. ಎದೆಯ ಸ್ಕ್ಯಾನಿನಲ್ಲಿ ಲೋಹದ ಬಾಗಿಲಿನ ಒಂದು ರೆಕ್ಕೆ ಪೂರ್ತಿ ತೆರೆಯುತ್ತಿರಲಿಲ್ಲ. ಅದರ ಬುಡದಲ್ಲಿ ರಕ್ತ ಹೆಪ್ಪುಗಟ್ಟತೊಡಗಿತ್ತು. ಡಾಕ್ಟರು ಮೊದಲು ಮಂಚ, ನಳಿಗೆ, ಮದ್ದು ಎಂದು ಓಡಾಡಿದರು. ಆಮೇಲೆ ಹಳೆಯ ರಿಪೋರ್ಟುಗಳನ್ನು ಹಿಡಿದು ಬಂದು ನಿಂತರು. ಮೂರು ಸಲವೂ ಇಷ್ಟು ಚೆನ್ನಾಗಿದ್ದದ್ದು ಒಮ್ಮೆಲೇ ಹೀಗೆ ಹೇಗೆ ಬಿತ್ತು? ಗುಳಿಗೆ ಬಿಟ್ಟಿರಾ ಎಂದು ಕೇಳಿದರು.

ನಾನು ಬಾಯಿ ತೆರೆದೆ. ಭಾಗವ್ವ ಕೈ ಎತ್ತಿ ನನ್ನನ್ನು ತಡೆದಳು. ನನ್ನ ಅನುವಾದದ ಮೇಲೆ ಅವಳಿಗೆ ಎಂದೂ ಭರವಸೆ ಇರಲಿಲ್ಲ.

"ಡಾಕ್ಟರ್ ಬಾಯಿ" ಎಂದಳು ತನ್ನದೇ ಹಿಂದಿಯಲ್ಲಿ, ಮೂಗಿನ ಮೇಲಿನ ಆಕ್ಸಿಜನ್ ಸರಿಸಿಕೊಂಡು. "ಗೋಲಿ ಬರಾಬರ್ ಖಾಯಾ. ಮೈ ಭಾಜೀವಾಲೀ ಹೈ ನಾ? ಊಪರ್ ಅಚ್ಛಾ ಅಚ್ಛಾ ರಖಾ. ನೀಚೇ ಸಬ್ ಪೀಲಾ."

ಮೇಲೆ ಚೆಲುವಾದದ್ದು, ಕೆಳಗೆ ಹಳದಿ ಎಂದರೆ ಏನೆಂದು ಡಾಕ್ಟರಿಗೆ ಅರ್ಥವಾಗಲಿಲ್ಲ. ಆಗ ನಾನು ಶುಕ್ರವಾರದ ಕತೆ ಹೇಳಿದೆ, ಈ ಸಲ ಏನನ್ನೂ ಬಿಡದೆ. ಅವರು ಮಂಚದ ಅಂಚಿನಲ್ಲಿ ಕೂತರು. ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ತಾವು ನೋಡಿದ್ದು ಮೇಲಿನ ಸೂಡನ್ನು ಮಾತ್ರ, ಗುಳಿಗೆ ಬರೆದದ್ದೂ ಅದಕ್ಕೇ ಎಂದರು. ಹಾಳಾದದ್ದನ್ನು ಮೊದಲು ತೋರಿಸಿ, ಇಲ್ಲಿ ಅದಕ್ಕೇ ಬೆಲೆ ಎಂದರು.

ಭಾಗವ್ವ ಆಕ್ಸಿಜನ್ ನಳಿಗೆಯನ್ನು ಮತ್ತೆ ಮೂಗಿಗೆ ಇಟ್ಟುಕೊಂಡಳು. ನಂತರ ಕನ್ನಡದಲ್ಲಿ, ಯಾರಿಗೂ ಅಲ್ಲದಂತೆ ಹೇಳಿದಳು: "ಕೆಟ್ಟದ್ದ ಕೊಟ್ರ ಗಿರಾಕಿ ಮರುದಿನ ಬಂದು ಮುಖದ ಮ್ಯಾಲ ಒಗೀತಾಳ. ಇಲ್ಲಿ ಕೊಟ್ಟಾಕೀನೂ ನಾನ, ಕೊಂಡಾಕೀನೂ ನಾನ. ಏನ್ ಶಾಣ್ಯಾಳಿದ್ದೇನಿ ನೋಡು, ಅಶ್ವಿ. ನನಗ ನಾನ ಕೊಳತ ತಪ್ಪಲ ಮಾರೇನಿ."

ಹನಿ ಹನಿ ಮದ್ದು ಹರಿಯಿತು. ಮೂರನೆಯ ದಿನ ನಾನು ಹೋದಾಗ ಆ ವಾರ್ಡಿನಲ್ಲಿ ಫ್ಯಾನುಗಳಿದ್ದವು, ತಳ್ಳುಗಾಡಿಗಳಿದ್ದವು, ಏನೂ ಕೇಳಿಸುವಂತಿರಲಿಲ್ಲ. ಭಾಗವ್ವ ಬೆರಳಿನಿಂದ ಹತ್ತಿರ ಬಾ ಎಂದಳು. ಬಗ್ಗಿದೆ. ಟಿಕ್, ಟಿಕ್, ಟಿಕ್. ಚೂಪಾಗಿ, ಹೊಸ ಚಪ್ಪಲಿಯ ಹಾಗೆ. ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದೆ. ಮುಖ ಎತ್ತಿದರೆ ಅವಳು ನೋಡುತ್ತಿದ್ದಳಲ್ಲ.

ಮನೆಗೆ ಬಂದ ಮೇಲೆ ದಿನದ ಸೊಪ್ಪಿನ ಅಳತೆಗೆಂದು ಒಂದು ಸ್ಟೀಲಿನ ಬಟ್ಟಲು ಬಂತು. ಸಂತೆ ತುಂಬಿದರೂ ಆ ಬಟ್ಟಲು, ಬರಿದಾದರೂ ಆ ಬಟ್ಟಲು. ಎಲ್ಲ ಮಾರಾಟವಾದ ದಿನ ಅಷ್ಟು ಮೊದಲೇ ತೆಗೆದಿಡುತ್ತಾಳೆ. ಉಳಿದ ದಿನ ಮಿಕ್ಕಿದ್ದನ್ನು ಬೀದಿಯ ಆಕಳಿಗೆ ಹಾಕುತ್ತಾಳೆ. ಮೊದಲ ದಿನ ಹಾಕುವಾಗ ಅವಳ ಕೈ ಬುಟ್ಟಿ ಬಿಡಲಿಲ್ಲ. ಆಕಳು ಒಂದು ಕಡೆಯಿಂದ ಎಳೆಯಿತು, ಇವಳು ಇನ್ನೊಂದು ಕಡೆಯಿಂದ. "ತಿನ್ನು ತಾಯಿ" ಎಂದಳು ಕೊನೆಗೆ. "ನಿನಗ ರಕ್ತಾ ತಗಿಯೂ ಮಂದಿ ಇಲ್ಲ."

ಮತ್ತೆ ಪ್ರತಿ ಮಂಗಳವಾರ ಪರೀಕ್ಷೆ. ಮೊದಲನೆಯದರ ಹಿಂದಿನ ದಿನ ಸಂಜೆ ನಾನು ಅವರ ಹೊಸ್ತಿಲ ಮೇಲೆ ಕೂತಿದ್ದೆ. ರಾಮಿಬಾಯಿ ನಿಂಬೆಹಣ್ಣಿನ ಬುಟ್ಟಿಯೊಡನೆ ಮೇಲೆ ಬಂದಿದ್ದಳು. ಸುದ್ದಿ ತಂದಿದ್ದಳು.

"ಅಕ್ಕಾ, ಗೂಡುಸಾಬ ಛತ್ರಿ ತಂದಾನ. ದೊಡ್ಡದು, ಬಣ್ಣದ್ದು. ಮೆಟ್ಟಲ ಮ್ಯಾಲ ನೆಟ್ಟಾನ."

"ಛತ್ರಿ ತಂದನೇನು?"

"ನೀ ದವಾಖಾನ್ಯಾಗ ಇದ್ದಾಗ ದಿನಾ ಕೂತಾನ. ಇನ್ನ ವಾರಾವಾರಾ ನೀ ಹೊಂಟ್ರ, ಆ ಮೆಟ್ಟಲಾ ಮರತಬಿಡು."

ಸುಮಲತಾ ಒಲೆಯ ಮುಂದಿನಿಂದ ಎದ್ದು ಬಂದಳು. ಬಟ್ಟಲಲ್ಲಿ ರಾಜಗಿರಿ ಪಲ್ಯ ಇತ್ತು. ಅದನ್ನು ಕೆಳಗಿಡಲಿಲ್ಲ.

"ಅತ್ತೀ" ಎಂದಳು ಮೆಲ್ಲಗೆ. "ಇದೊಂದ ಸಲ ಬ್ಯಾಡ್ರಿ. ಅಂಕಿ ಚಲೋ ಬಂದ್ರ ಲಗೂನ ತಿಂಗಳಿಗೊಮ್ಮೆ ಮಾಡತಾರ. ಆಮ್ಯಾಲ ಬೇಕಾದ್ರ ಬರಾಬರ್ ತಿನ್ನಾಕ ಹತ್ತರಿ."

ಹೇಳಿದ್ದು ಪ್ರೀತಿಯಿಂದಲೇ. ನನಗೂ ಒಂದು ಕ್ಷಣ ಹೌದಲ್ಲ ಎನಿಸಿತು, ನಾಚಿಕೆಯ ವಿಷಯ. ಆ ಮೆಟ್ಟಿಲು ಏನೆಂದು ನಮಗೆಲ್ಲ ಗೊತ್ತಿತ್ತು. ಮರಳಿನ ಬುಟ್ಟಿ ಇಳಿಸಿದ ಮೇಲೆ ಭಾಗವ್ವ ಈ ಊರಿನಲ್ಲಿ ತನ್ನದು ಎಂದು ಕೂತ ಜಾಗ ಅದೊಂದೇ.

ಕೆಳಗಿನ ತಿರುವಿನಲ್ಲಿ ಪಾವಿನವನ ಹಾರ್ನ್ ಕೇಳಿತು. ಭಾಗವ್ವ ಸೆರಗಿನ ಗಂಟಿನಿಂದ ಗುಳಿಗೆ ತೆಗೆದು ನುಂಗಿದಳು, ನೀರು ಕುಡಿದಳು, ಸೊಸೆಯ ಕಡೆ ಕೈ ಚಾಚಿದಳು.

"ತಾ ಇಲ್ಲೆ."

"ಅತ್ತೀ..."

"ತಾ ಅಂದ್ರ. ಒಮ್ಮಿ ಸಿಂಗಾರ ಮಾಡಕೊಂಡು ಸಾಯಾಕ ಹೋಗಿದ್ನಿ. ಈ ಸಲ ಹಂಗ ಬರೀ ಮುಖದಾಗ ಹೊಕ್ಕೇನಿ. ಉಪ್ಪ ಹಾಕೀದಿಲ್ಲೋ?"

ಇಡೀ ಬಟ್ಟಲು ತಿಂದಳು. ತಳ ಬೆರಳಿನಿಂದ ಒರೆಸಿದಳು. ರಾಮಿಬಾಯಿ ನಿಂಬೆಹಣ್ಣು ಎಣಿಸುವಂತೆ ನಟಿಸುತ್ತಾ ಕೆಳಗೆ ನೋಡುತ್ತಿದ್ದಳು.

ಎರಡು ಪಾಯಿಂಟ್ ಎರಡು.

ಇರಬೇಕಾದ್ದಕ್ಕಿಂತ ಕಡಿಮೆ. ಡಾಕ್ಟರು ಅದನ್ನು ನೋಡಿ ಹಿಂದಿನ ಎರಡು ಪಾಯಿಂಟ್ ಒಂಬತ್ತಕ್ಕಿಂತ ಹೆಚ್ಚು ಸಂತೋಷಪಟ್ಟಂತೆ ಕಂಡರು. ಬಟ್ಟಲು ಎಷ್ಟು ದೊಡ್ಡದು ಎಂದು ಕೇಳಿದರು. ಭಾಗವ್ವ ಎರಡು ಕೈ ಸೇರಿಸಿ ತೋರಿಸಿದಳು. ಬಟ್ಟಲನ್ನು ಬದಲಿಸಬೇಡಿ, ಗುಳಿಗೆಯನ್ನು ನಾನು ಬದಲಿಸುತ್ತೇನೆ, ನೀವಾಗಿ ಏರಿಸುವುದು ಇಳಿಸುವುದು ಬೇಡ ಎಂದು ಹೇಳಿ, ವಾರದಲ್ಲಿ ಎರಡು ದಿನಕ್ಕೆ ಅರ್ಧ ಗುಳಿಗೆ ಸೇರಿಸಿ ಬರೆದರು. ಮುಂದಿನ ಮಂಗಳವಾರ ಬನ್ನಿ. ಅದರ ಮುಂದಿನ ಮಂಗಳವಾರವೂ.

ನಾವು ಸಡಾದಲ್ಲಿ ಬಸ್ಸಿಳಿದಾಗ ಬಿಸಿಲು ಮೆಟ್ಟಿಲುಗಳ ಅರ್ಧದವರೆಗೆ ಇಳಿದಿತ್ತು. ಭಾಗವ್ವನ ಮೆಟ್ಟಿಲಿನ ಮೇಲೆ ಛತ್ರಿ ಇತ್ತು, ರಾಮಿಬಾಯಿ ಹೇಳಿದ್ದಕ್ಕಿಂತ ದೊಡ್ಡದು, ಕೆಂಪು ಹಳದಿ. ಅದರ ಕೆಳಗೆ ಎಳನೀರಿನ ರಾಶಿ. ಗೂಡುಸಾಬ ಅವಳನ್ನು ಕಂಡು ಎದ್ದು ನಿಂತ. ಏನು ಹೇಳಬೇಕೆಂದು ತಿಳಿಯದೆ ಒಂದು ಎಳನೀರು ಕೊಚ್ಚಿ ಅವಳ ಕೈಗೆ ಕೊಟ್ಟ.

"ಇದನ್ನ ಕುಡದ್ರ ಅಂಕಿ ಏರತೈತೋ ಇಳೀತೈತೋ?" ಎಂದು ಭಾಗವ್ವ ನನ್ನನ್ನು ಕೇಳಿದಳು. ನಾನು ಗೊತ್ತಿಲ್ಲ ಎಂದೆ. ಆ ವರ್ಷ ನಾನು ಕಲಿತ ಒಂದೇ ಸರಿಯಾದ ಉತ್ತರ ಅದು. "ಹಂಗಾರ ಮುಂದಿನ ಸಲ ಕೇಳಿ ಬರೂಣು" ಎಂದು ಅದನ್ನು ನನಗೇ ಕೊಟ್ಟಳು. ಛತ್ರಿಯನ್ನು ಮೇಲಿಂದ ಕೆಳಗೆ ನೋಡಿದಳು. "ನೆರಳ ಚಲೋ ಮಾಡೀದಿ."

"ಅಕ್ಕಾ, ನೀ ಬೇಕಂದ್ರ..."

"ಇರ್ಲಿ ಬಿಡಪಾ. ನೀ ಕೂತೀದಿ, ಬಿಸಿ ಆಗೈತಿ."

ಸಂಜೆಯ ಬಸ್ಸುಗಳಿಗೆಂದು ಸುಮಲತಾ ಮೇಲಿನಿಂದ ಬುಟ್ಟಿ ತಂದಿದ್ದಳು. ಭಾಗವ್ವ ಅದನ್ನು ಇಸಿದುಕೊಂಡು ಒಂದು ಮೆಟ್ಟಿಲು ಕೆಳಗೆ, ಗಟಾರದ ಹತ್ತಿರ, ಬಿಸಿಲಿನಲ್ಲಿ ಗೋಣಿ ಹಾಸಿದಳು. ಛತ್ರಿಯ ಅಂಚಿನ ನೆರಳು ಅಲ್ಲಿಗೆ ಒಂದು ಗೇಣು ಬೀಳುತ್ತಿತ್ತು. ಸೂಡುಗಳನ್ನು ಹೊಂದಿಸತೊಡಗಿದಳು. ಬಾಡಿದ್ದು ಕೆಳಗೆ, ಹಳದಿ ಮಗ್ಗುಲು ಒಳಗೆ, ಚೆಲುವಾದದ್ದು ಮೇಲೆ, ನೀರು.

"ಕಾಕು" ಎಂದೆ. "ಮತ್ತ ಅದನ್ನ ಮಾಡಾಕತ್ತೀಯಲ್ಲ?"

"ಇದು ವ್ಯಾಪಾರ. ಅದು ಬ್ಯಾರೆ." ಕೈ ಕೊಡವಿ ನೀರು ಚಿಮುಕಿಸಿದಳು, ಒಂದೆರಡು ಹನಿ ನನ್ನ ಮೇಲೂ ಬಿದ್ದವು. "ಆ ಡಾಕ್ಟರಮ್ಮಗ ಬರೂ ವಾರ ಒಂದ ಮಾತ ಹೇಳೂದೈತಿ, ನೀ ಬರಾಬರ್ ಹಿಂದಿ ಮಾಡಿ ಹೇಳಬೇಕ ಮತ್ತ, ಠೀಕ್ ಹೈ ಅಂದು ಮುಗಸಬ್ಯಾಡ. ಏನಂದ್ರ, ಬಾಯಾರ, ನನ್ನ ಮೆಟ್ಟಲಾ ಅಂತೂ ಹೋತು, ಆದ್ರ ಈ ಎದಿಯಾಗಿಂದು ಐತೆಲ್ಲ, ಇದನ್ನ ಮಾತ್ರ ನಾನ ಬಿಸಿ ಇಡತೇನಿ, ಇದು..."

"ಮೇಥಿ ಕಶಿ ಗೋ?" ಎಂದು ಬಸ್ಸಿನಿಂದ ಇಳಿಯುತ್ತಿದ್ದ ಹೆಂಗಸೊಬ್ಬಳು ಛತ್ರಿಯ ಆಚೆಯಿಂದ ಕೊಂಕಣಿಯಲ್ಲಿ ಮೆಂತೆಯ ಬೆಲೆ ಕೇಳಿದಳು, ಮತ್ತು ಭಾಗವ್ವ ಮೇಲಿನ ಸೂಡನ್ನು ಎತ್ತಿಕೊಂಡು, ಆ ಹೆಂಗಸು ಮುಂದೆ ಹೋಗಿಬಿಡುವ ಮೊದಲೇ ಛತ್ರಿಯ ನೆರಳಿನಾಚೆಗೆ ಚಾಚಿ ಹಿಡಿದಳು.